ಗೋಲ್ ಕಂಬದಿಂದ ಅಧ್ಯಕ್ಷರ ಕುರ್ಚಿಗೆ: ಬೊರಿಸ್ಲಾವ್ ಮಿಹಾಯ್ಲೊವ್ ಪ್ರಕರಣ

2023ರ ನವೆಂಬರ್ 16. ಬಲ್ಗೇರಿಯಾದ ರಾಜಧಾನಿ ಸೋಫಿಯಾ. ವಾಸಿಲ್ ಲೆವ್ಸ್ಕಿ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಹಂಗೇರಿ ವಿರುದ್ಧ ಯೂರೊ (ಯುರೋಪಿನ ರಾಷ್ಟ್ರೀಯ ತಂಡಗಳ ಚಾಂಪಿಯನ್‌ಷಿಪ್) ಅರ್ಹತಾ ಪಂದ್ಯ ನಡೆಯುತ್ತಿತ್ತು. ಗ್ಯಾಲರಿಯಲ್ಲಿ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಆಟಗಾರರು ಒಬ್ಬರನ್ನೊಬ್ಬರು ಕೂಗಿ ಕರೆಯುವುದು ಟಿವಿಯಲ್ಲಿ ಕೇಳಿಸುವಂಥ ಪಂದ್ಯ. ಜನರೆಲ್ಲ ಹೊರಗೆ ರಸ್ತೆಯಲ್ಲಿದ್ದರು. ಸಾವಿರಾರು ಜನ. ಅವರ ಬಾಯಲ್ಲಿ ಒಂದೇ ಪದ: "ಒಸ್ತಾವ್ಕಾ!" ಬಲ್ಗೇರಿಯನ್ ಭಾಷೆಯಲ್ಲಿ ಹಾಗೆಂದರೆ ರಾಜೀನಾಮೆ. ಸ್ವಲ್ಪ ಹೊತ್ತಿಗೆ ಪೊಲೀಸರಿಗೂ ಜನರಿಗೂ ಹೊಡೆದಾಟ ಶುರುವಾಯಿತು. ಅಶ್ರುವಾಯು, ಜಲಫಿರಂಗಿ, ಬೆಂಕಿ, ಗಾಯಾಳುಗಳು. ಒಳಗೆ ಬಲ್ಗೇರಿಯಾ ಕೊನೇ ಗಳಿಗೆವರೆಗೂ 2-1ರಿಂದ ಮುಂದಿತ್ತು. 97ನೇ ನಿಮಿಷದಲ್ಲಿ ತನ್ನದೇ ಗೋಲಿಗೆ ಚೆಂಡು ಹಾಕಿಕೊಂಡಿತು. ಆಟ 2-2. ಹಂಗೇರಿ ಯೂರೊಗೆ ಹೋಯಿತು.

ಜನ ರಾಜೀನಾಮೆ ಕೇಳುತ್ತಿದ್ದುದು ಬಲ್ಗೇರಿಯಾ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷ ಬೊರಿಸ್ಲಾವ್ ಮಿಹಾಯ್ಲೊವ್ ಅವರನ್ನು. ಇವರು ಎಲ್ಲಿಂದಲೋ ಬಂದು ಕುರ್ಚಿ ಹಿಡಿದ ರಾಜಕಾರಣಿಯಲ್ಲ. 1994ರ ವಿಶ್ವಕಪ್‌ನಲ್ಲಿ ಬಲ್ಗೇರಿಯಾ ಸೆಮಿಫೈನಲ್ ತಲುಪಿತಲ್ಲ, ಆ ತಂಡದ ನಾಯಕ ಮತ್ತು ಗೋಲ್‌ಕೀಪರ್. ಆ ಬೇಸಿಗೆಯಲ್ಲಿ ಇದೇ ಊರಿನ ಜನ ಇವರ ಹೆಸರು ಕೂಗಿ ರಾತ್ರಿಯಿಡೀ ಕುಣಿದಿದ್ದರು.

ನಡುವೆ ಇಪ್ಪತ್ತೊಂಬತ್ತು ವರ್ಷ. ಅಷ್ಟರಲ್ಲಿ ಏನಾಯಿತು ಅನ್ನುವುದೇ ಈ ಪ್ರಕರಣ.

ಸಾಮಾನ್ಯವಾಗಿ ಗೋಲ್‌ಕೀಪರ್ ಆಟ ಬಿಟ್ಟ ಮೇಲೆ ಕೈಗವಸು ತೆಗೆದಿಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು ಹುಡುಗರಿಗೆ ಡೈವ್ ಹೊಡೆಯುವುದು ಕಲಿಸುತ್ತಾನೆ. ಮಿಹಾಯ್ಲೊವ್ ಅವರನ್ನು ಜನ ನೆನಪಿಡುವುದು ಕೋಚ್ ಆಗಿ ಅಲ್ಲ. ಕೋಚ್‌ಗಳನ್ನು ತರುವ, ಕಳಿಸುವ ಮನುಷ್ಯನಾಗಿ.

ಮನೆಯಲ್ಲೇ ಇದ್ದ ಕೈಗವಸು

ಮಿಹಾಯ್ಲೊವ್ ಹುಟ್ಟಿದ್ದು 1963ರ ಫೆಬ್ರುವರಿ 12ರಂದು, ಸೋಫಿಯಾದಲ್ಲಿ. ಅಪ್ಪ ಬಿಸೆರ್ ಮಿಹಾಯ್ಲೊವ್ ಲೆವ್ಸ್ಕಿ ಕ್ಲಬ್‌ನ ಗೋಲ್‌ಕೀಪರ್. ಮಗನೂ ಅದೇ ಕ್ಲಬ್, ಅದೇ ಜಾಗ. ಮುಂದೆ ಮೊಮ್ಮಗ ನಿಕೊಲಾಯ್ ಕೂಡ ಅದೇ ಲೆವ್ಸ್ಕಿಯಲ್ಲಿ ಗೋಲ್ ಕಾದು, ಲಿವರ್‌ಪೂಲ್‌ಗೆ ಸಹಿ ಹಾಕಿ, ನೆದರ್ಲೆಂಡ್ಸ್‌ನ ಟ್ವೆಂಟೆಯಲ್ಲಿ ಆಡಿದರು. ಮೂರು ತಲೆಮಾರು, ಮೂವರೂ ಗೋಲ್‌ಕೀಪರ್‌ಗಳು.

ಬೊರಿಸ್ಲಾವ್ 1980ರ ದಶಕದ ಆರಂಭದಲ್ಲೇ ಲೆವ್ಸ್ಕಿಯ ಮೊದಲ ತಂಡಕ್ಕೆ ಬಂದರು. 1984ರಲ್ಲಿ ತಂಡ ಲೀಗ್ ಗೆದ್ದಿತು. ಇಷ್ಟರವರೆಗೆ ಎಲ್ಲವೂ ಸಲೀಸು. ಆಮೇಲೆ 1985ರ ಜೂನ್ 19 ಬಂತು.

ಬಲ್ಗೇರಿಯಾ ಕಪ್ ಫೈನಲ್. ಲೆವ್ಸ್ಕಿಗೂ ಸಿಎಸ್‌ಕೆಎಗೂ. ಸಿಎಸ್‌ಕೆಎ ಸೇನೆಯ ಕ್ಲಬ್, ಲೆವ್ಸ್ಕಿ ಒಳಾಡಳಿತ ಇಲಾಖೆಯ ನೆರಳಿನಲ್ಲಿದ್ದ ಕ್ಲಬ್. ಸೋಫಿಯಾದಲ್ಲಿ ನೀವು ಯಾವ ತಂಡದವರು ಅನ್ನುವುದು ಹುಟ್ಟಿನಿಂದಲೇ ತೀರ್ಮಾನವಾಗಿರುತ್ತದೆ. ಸಿಎಸ್‌ಕೆಎ 2-1ರಿಂದ ಗೆದ್ದಿತು. ಆದರೆ ಆ ಪಂದ್ಯ ನೆನಪಿರುವುದು ಸ್ಕೋರಿಗಲ್ಲ, ಗಲಾಟೆಗೆ. ಆಟಗಾರರು ಕೈಕೈ ಮಿಲಾಯಿಸಿದರು, ರೆಫರಿ ಮೇಲೆ ಹರಿಹಾಯ್ದರು.

ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿಗೆ ಸಿಟ್ಟು ಬಂತು. ಒಂದು ಫುಟ್‌ಬಾಲ್ ಜಗಳಕ್ಕೆ ದೇಶ ಆಳುವವರು ತೀರ್ಪು ಕೊಟ್ಟರು. ಎರಡೂ ಕ್ಲಬ್‌ಗಳನ್ನು ವಿಸರ್ಜಿಸಿ ಹೊಸ ಹೆಸರಿನಲ್ಲಿ ಮತ್ತೆ ಕಟ್ಟಿದರು. ಲೆವ್ಸ್ಕಿ ಹೋಗಿ ವಿತೋಷಾ ಆಯಿತು, ಸಿಎಸ್‌ಕೆಎ ಹೋಗಿ ಸ್ರೆದೆತ್ಸ್ ಆಯಿತು. ಲೆವ್ಸ್ಕಿ ಆ ವರ್ಷ ಗೆದ್ದಿದ್ದ ಲೀಗ್ ಪಟ್ಟವನ್ನೂ ಕಿತ್ತುಕೊಂಡರು. ಕೆಲವು ಆಟಗಾರರಿಗೆ ಜೀವನಪೂರ್ತಿ ನಿಷೇಧ. ಆ ಪಟ್ಟಿಯಲ್ಲಿ ಇಪ್ಪತ್ತೆರಡು ವರ್ಷದ ಮಿಹಾಯ್ಲೊವ್ ಇದ್ದರು. ಸಿಎಸ್‌ಕೆಎ ಕಡೆಯಿಂದ ಹತ್ತೊಂಬತ್ತರ ಒಬ್ಬ ಹುಡುಗ ಇದ್ದ. ಹೆಸರು ಹ್ರಿಸ್ಟೊ ಸ್ಟೊಯ್ಚ್ಕೊವ್.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇಲ್ಲಿಂದ ಮುಂದಿನ ಒಂದು ವರ್ಷ. 1986ರ ಮೇ 31. ಮೆಕ್ಸಿಕೊದ ಆಜ್ಟೆಕಾ ಕ್ರೀಡಾಂಗಣ. ವಿಶ್ವಕಪ್‌ನ ಉದ್ಘಾಟನಾ ಪಂದ್ಯ, ಹಾಲಿ ಚಾಂಪಿಯನ್ ಇಟಲಿ ಎದುರು ಬಲ್ಗೇರಿಯಾ. ಬಲ್ಗೇರಿಯಾದ ಗೋಲಿನಲ್ಲಿ ನಿಂತಿದ್ದವರು ಯಾರು? ಜೀವನಪೂರ್ತಿ ನಿಷೇಧಕ್ಕೆ ಒಳಗಾದ ಅದೇ ಮಿಹಾಯ್ಲೊವ್. ಕಪ್ ಫೈನಲ್ ಮುಗಿದು ವರ್ಷವೂ ತುಂಬಿರಲಿಲ್ಲ!

ಒಳ್ಳೇ ಗೋಲ್‌ಕೀಪರ್ ಬೇಕಾಗಿತ್ತು, ನಿಷೇಧ ಹೋಯಿತು. ಮೇಲಿನವರು ಕೊಟ್ಟ ಕೊನೇ ತೀರ್ಪು ಕೊನೇ ತೀರ್ಪಲ್ಲ ಅನ್ನುವುದನ್ನು ಇಪ್ಪತ್ಮೂರನೇ ವಯಸ್ಸಿಗೇ ಕಂಡ ಮನುಷ್ಯ ಇವರು. ಮುಂದಿನದನ್ನು ಓದುವಾಗ ಇದು ತಲೆಯಲ್ಲಿರಲಿ.

ಇಟಲಿ ಜತೆ 1-1, ದಕ್ಷಿಣ ಕೊರಿಯಾ ಜತೆ 1-1, ಅರ್ಜೆಂಟೀನಾ ಎದುರು 0-2. ಒಂದೂ ಪಂದ್ಯ ಗೆಲ್ಲದೆ ಮುಂದಿನ ಹಂತಕ್ಕೆ ಹೋದರು. ಅಲ್ಲಿ ಆತಿಥೇಯ ಮೆಕ್ಸಿಕೊ ಎದುರು ಮತ್ತೆ 0-2. ಮೊದಲ ಗೋಲು ಮಾನ್ಯುಯೆಲ್ ನೆಗ್ರೆತೆ ಅವರದು. ಗಾಳಿಯಲ್ಲಿ ಅಡ್ಡ ಮಲಗಿದಂತೆ ಹಾರಿ, ಕತ್ತರಿ ಹಾಕಿ ಹೊಡೆದ ಚೆಂಡು. ವಿಶ್ವಕಪ್‌ನ ಅತಿ ಚೆಂದದ ಗೋಲುಗಳ ಮಾತು ಬಂದಾಗೆಲ್ಲ ಆ ತುಣುಕನ್ನು ತೋರಿಸುತ್ತಾರೆ. ಪ್ರತಿಸಲವೂ ಅದರಲ್ಲಿ ಮಿಹಾಯ್ಲೊವ್ ಸೋಲುತ್ತಾರೆ. ಗೋಲ್‌ಕೀಪರ್‌ಗಳ ಹಣೆಬರಹ ಇದು. ಇನ್ನೊಬ್ಬರ ಒಳ್ಳೇ ಫೋಟೊದಲ್ಲಿ ಹಿಂದೆ ಬಿದ್ದಿರುವ ಆಕೃತಿ ಯಾವಾಗಲೂ ಅವರದೇ.

ಮುಲ್ಹೌಸ್ ದಾರಿ

1989ರಲ್ಲಿ ಪೋರ್ಚುಗಲ್‌ನ ಬೆಲೆನೆನ್ಸೆಸ್. ಆಮೇಲೆ ಒಂದು ಕ್ಲಬ್‌ನಿಂದ ಇನ್ನೊಂದಕ್ಕೆ ಓಡಾಟ. 1993ರ ಹೊತ್ತಿಗೆ ಫ್ರಾನ್ಸಿನ ಎರಡನೇ ದರ್ಜೆಯ ಮುಲ್ಹೌಸ್ ಕ್ಲಬ್‌ನಲ್ಲಿದ್ದರು. ಜರ್ಮನಿ ಗಡಿಗೆ ಅಂಟಿಕೊಂಡ ಊರು. ದೊಡ್ಡ ಹೆಸರೇನಲ್ಲ. ಆದರೆ ಆ ನವೆಂಬರ್‌ನಲ್ಲಿ ಬಲ್ಗೇರಿಯಾದ ಹಣೆಬರಹ ಈ ಊರಿನ ಮೂಲಕ ಹಾದುಹೋಯಿತು ಅಂತಾರೆ.

ವಿಶ್ವಕಪ್ ಅರ್ಹತೆಯ ಕೊನೇ ಪಂದ್ಯ ಪ್ಯಾರಿಸ್‌ನಲ್ಲಿ. ಫ್ರಾನ್ಸಿಗೆ ಡ್ರಾ ಸಾಕಿತ್ತು. ಬಲ್ಗೇರಿಯಾ ಗೆಲ್ಲಲೇಬೇಕಿತ್ತು. ಪೋರ್ಟೊದಲ್ಲಿ ಆಡುತ್ತಿದ್ದ ಎಮಿಲ್ ಕೊಸ್ತಾದಿನೊವ್ ಮತ್ತು ವೆಲೆನ್ಸಿಯಾದ ಲ್ಯುಬೊಸ್ಲಾವ್ ಪೆನೆವ್ ಇಬ್ಬರಿಗೂ ಫ್ರಾನ್ಸಿನ ವೀಸಾ ಇರಲಿಲ್ಲ. ಆಗ ಮುಲ್ಹೌಸ್‌ನಲ್ಲೇ ಆಡುತ್ತಿದ್ದ ಮಿಹಾಯ್ಲೊವ್ ಮತ್ತು ಗೆಯೊರ್ಗಿ ಗೆಯೊರ್ಗಿಯೆವ್ ದಾರಿ ಹುಡುಕಿದರಂತೆ. ಜರ್ಮನಿ ಕಡೆಯಿಂದ, ತಪಾಸಣೆ ಅಷ್ಟೇನೂ ಇಲ್ಲದ ಗಡಿಯಲ್ಲಿ, ಕಾರಿನಲ್ಲಿ ಅವರನ್ನು ಒಳಗೆ ಕರೆತಂದರಂತೆ. ಈ ಕಥೆಯನ್ನು ಹೇಳುವವರು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಎಲ್ಲರ ಕಥೆಯಲ್ಲೂ ಮುಲ್ಹೌಸ್ ಇರುತ್ತದೆ.

ನವೆಂಬರ್ 17. ಕಾಂಟೊನಾ ಫ್ರಾನ್ಸಿಗೆ ಗೋಲು ಹೊಡೆದರು. ಕೊಸ್ತಾದಿನೊವ್ ಸಮ ಮಾಡಿದರು. 90ನೇ ನಿಮಿಷದವರೆಗೂ 1-1. ಅಮೆರಿಕದ ಟಿಕೆಟ್ ಫ್ರಾನ್ಸಿನ ಕೈಯಲ್ಲಿತ್ತು. ಚೆಂಡನ್ನು ಮೂಲೆಗೆ ಒಯ್ದು ಸುಮ್ನೆ ಕಾಲ ಕಳೆದಿದ್ದರೆ ಸಾಕಿತ್ತು. ದಾವಿದ್ ಜಿನೋಲಾ ಅದನ್ನು ದೂರಕ್ಕೆ ಕ್ರಾಸ್ ಮಾಡಿದರು, ಬಲ್ಗೇರಿಯಾಕ್ಕೆ ಸಿಕ್ಕಿತು. ಕೊಸ್ತಾದಿನೊವ್ ಬಲಗಡೆಯಿಂದ ನುಗ್ಗಿ ಬಾರಿಸಿದ ಚೆಂಡು ಅಡ್ಡಪಟ್ಟಿಯ ಕೆಳಗೆ ತಾಗಿ ಒಳಗೆ ಹೋಯಿತು. 2-1. ವೀಸಾ ಇಲ್ಲದೆ ಬಂದವನೇ ಎರಡೂ ಗೋಲು ಹೊಡೆದಿದ್ದ.

ನ್ಯೂಜೆರ್ಸಿಯ ಆ ಸಂಜೆ

ಅಮೆರಿಕಕ್ಕೆ ಹೋಗುವಾಗ ಬಲ್ಗೇರಿಯಾದ ಲೆಕ್ಕ ಹೀಗಿತ್ತು: ಐದು ವಿಶ್ವಕಪ್, ಹದಿನಾರು ಪಂದ್ಯ, ಗೆಲುವು ಸೊನ್ನೆ. ಮೊದಲ ಪಂದ್ಯದಲ್ಲಿ ನೈಜೀರಿಯಾ 3-0ರಿಂದ ಬಡಿಯಿತು. ಹದಿನೇಳಾಯಿತು. ಆಮೇಲೆ ಗ್ರೀಸ್ ಎದುರು 4-0, ಅರ್ಜೆಂಟೀನಾ ಎದುರು 2-0.

ಜುಲೈ 5, ಜೈಂಟ್ಸ್ ಸ್ಟೇಡಿಯಂ. ಎದುರಾಳಿ ಮತ್ತೆ ಮೆಕ್ಸಿಕೊ. ಆರನೇ ನಿಮಿಷದಲ್ಲಿ ಸ್ಟೊಯ್ಚ್ಕೊವ್ ಗೋಲು. ಹದಿನೆಂಟನೇ ನಿಮಿಷದಲ್ಲಿ ಗಾರ್ಸಿಯಾ ಆಸ್ಪೆ ಪೆನಾಲ್ಟಿಯಿಂದ ಸಮ. ಎರಡೂ ತಂಡದಿಂದ ಒಬ್ಬೊಬ್ಬರಿಗೆ ಕೆಂಪು ಕಾರ್ಡ್. ಆಮೇಲೆ ಗೋಲೇ ಇಲ್ಲ. ಬದಲಿಗೆ ಒಂದು ತಮಾಷೆ ನಡೆಯಿತು. ಮೆಕ್ಸಿಕೊದ ಮಾರ್ಸೆಲಿನೊ ಬೆರ್ನಾಲ್ ಚೆಂಡು ತಡೆಯಲು ಹೋಗಿ ಬಲೆಯೊಳಗೆ ಬಿದ್ದರು, ಗೋಲಿನ ಚೌಕಟ್ಟೇ ಮುರಿಯಿತು. ವಿಶ್ವಕಪ್ ಪಂದ್ಯ ನಿಂತಿತು. ಕೆಲಸಗಾರರು ಹಳೇ ಗೋಲ್ ಎತ್ತಿಕೊಂಡು ಹೋಗಿ ಹೊಸದು ತಂದು ನೆಟ್ಟರು.

ಕೊನೆಗೆ ಪೆನಾಲ್ಟಿ ಶೂಟೌಟ್. ಒಂದು ಕಡೆ ಕಣ್ಣು ಕುಕ್ಕುವ ಬಣ್ಣದ ಅಂಗಿಯ ಮೆಕ್ಸಿಕೊ ಕೀಪರ್ ಹೊರ್ಹೆ ಕಾಂಪೊಸ್. ಇನ್ನೊಂದು ಕಡೆ ಮಿಹಾಯ್ಲೊವ್. 1986ರಲ್ಲಿ ಬೋಳಾಗುತ್ತಿದ್ದ ಅವರ ತಲೆ ಈಗ ದಟ್ಟ ಕೂದಲಿಂದ ತುಂಬಿತ್ತು. ಆ ವಿಗ್ ಬಗ್ಗೆ ಪತ್ರಿಕೆಗಳು ಆಟದಷ್ಟೇ ಬರೆದವು, ಬಿಡಿ.

ಗಾರ್ಸಿಯಾ ಆಸ್ಪೆ ಮೊದಲು ಬಂದು ಮೇಲಕ್ಕೆ ಬಾರಿಸಿದರು. ಬಲ್ಗೇರಿಯಾದ ಬಾಲಕೊವ್ ಹೊಡೆದದ್ದನ್ನು ಕಾಂಪೊಸ್ ತಡೆದರು. ಮುಂದೆ ಬಂದವರು ಗೋಲು ಮುರಿದ ಅದೇ ಬೆರ್ನಾಲ್. ಮಿಹಾಯ್ಲೊವ್ ತಡೆದರು. ಗೆಂಚೆವ್ ಹೊಡೆದರು, ಗೋಲು. ರೊದ್ರಿಗೆಸ್ ಹೊಡೆದರು, ಮಿಹಾಯ್ಲೊವ್ ಮತ್ತೆ ತಡೆದರು. ಬೊರಿಮಿರೊವ್ ಗೋಲು. ಸುವಾರೆಸ್ ಮೆಕ್ಸಿಕೊಗೆ ಒಂದು ಕೊಡಿಸಿದರು. ಕೊನೆಗೆ ಲೆಚ್ಕೊವ್ ಗೋಲು ಹೊಡೆದರು. 3-1. ಎಂಟು ವರ್ಷದ ಹಿಂದೆ ಆಜ್ಟೆಕಾದಲ್ಲಿ ಬಾಕಿ ಉಳಿದಿದ್ದ ಲೆಕ್ಕ ಚುಕ್ತಾ ಆಯಿತು.

ಐದು ದಿನ ಬಿಟ್ಟು ಅದೇ ಮೈದಾನದಲ್ಲಿ ಹಾಲಿ ಚಾಂಪಿಯನ್ ಜರ್ಮನಿ. ಲೊಥಾರ್ ಮಥಾಯಸ್ ಪೆನಾಲ್ಟಿಯಲ್ಲಿ ಮಿಹಾಯ್ಲೊವ್‌ರನ್ನು ಸೋಲಿಸಿದರು. ಆಮೇಲೆ 75ನೇ ನಿಮಿಷದಲ್ಲಿ ಸ್ಟೊಯ್ಚ್ಕೊವ್ ಫ್ರೀಕಿಕ್, 78ನೇ ನಿಮಿಷದಲ್ಲಿ ಲೆಚ್ಕೊವ್ ಹಾರಿ ತಲೆಯಿಂದ. 2-1. ಎಂಬತ್ತು–ತೊಂಬತ್ತು ಲಕ್ಷ ಜನರ ದೇಶ, ಕಮ್ಯುನಿಸ್ಟ್ ಆಳ್ವಿಕೆ ಬಿದ್ದು ಐದು ವರ್ಷ, ಎಲ್ಲೆಲ್ಲೂ ಕಷ್ಟ. ಆ ರಾತ್ರಿ ಎಷ್ಟು ಜನ ಬೀದಿಗೆ ಬಂದಿರಬಹುದು, ನೀವೇ ಊಹಿಸಿ.

ಸೆಮಿಫೈನಲ್‌ನಲ್ಲಿ ಬಾಜ್ಜಿಯೊ ಎರಡು ಗೋಲು ಹೊಡೆದು ಇಟಲಿಯನ್ನು 2-1ರಿಂದ ಗೆಲ್ಲಿಸಿದರು. ಮೂರನೇ ಸ್ಥಾನದ ಪಂದ್ಯದಲ್ಲಿ ಸ್ವೀಡನ್ ಎದುರು ಮೊದಲ ಅರ್ಧದಲ್ಲೇ ನಾಲ್ಕು ಗೋಲು ಬಿದ್ದವು. ಎರಡನೇ ಅರ್ಧಕ್ಕೆ ಮಿಹಾಯ್ಲೊವ್ ಬದಲು ಬೇರೆ ಕೀಪರ್ ಇಳಿದರು. ಅದನ್ನು ಬಲ್ಗೇರಿಯಾದಲ್ಲಿ ಯಾರೂ ಜಾಸ್ತಿ ನೆನಪಿಸಿಕೊಳ್ಳುವುದಿಲ್ಲ.

1995ರಲ್ಲಿ ಇಂಗ್ಲೆಂಡಿನ ರೆಡಿಂಗ್ ಕ್ಲಬ್ 8 ಲಕ್ಷ ಪೌಂಡ್ ಕೊಟ್ಟು ಅವರನ್ನು ಕೊಂಡಿತು. ಆಗ ಆ ಕ್ಲಬ್‌ಗೆ ಅದೇ ದಾಖಲೆ. ಅಲ್ಲಿ ಗಾಯದಿಂದಾಗಿ ಆಡಿದ್ದು ಕಡಿಮೆ. 1996ರ ಯೂರೊದಲ್ಲೂ ದೇಶದ ಗೋಲ್ ಕಾದರು. ಒಟ್ಟು 102 ಅಂತಾರಾಷ್ಟ್ರೀಯ ಪಂದ್ಯ. ಸ್ಟಿಲಿಯಾನ್ ಪೆತ್ರೊವ್ ದಾಟುವವರೆಗೆ ಅದೇ ಬಲ್ಗೇರಿಯಾದ ದಾಖಲೆ.

ಕುರ್ಚಿ

2005ರಲ್ಲಿ ಮಿಹಾಯ್ಲೊವ್ ಒಕ್ಕೂಟದ ಅಧ್ಯಕ್ಷರಾದರು. ಅವರಿಗಿಂತ ಮೊದಲು ಇದ್ದ ಇವಾನ್ ಸ್ಲಾವ್ಕೊವ್ ಒಲಿಂಪಿಕ್ ಮತಗಳ ಮಾರಾಟದ ಹಗರಣದಲ್ಲಿ ಸಿಕ್ಕಿ, ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯಿಂದ ಹೊರಬಿದ್ದಿದ್ದರು. ಅಂಥ ಹೊತ್ತಿನಲ್ಲಿ 94ರ ನಾಯಕ ಬಂದದ್ದು ಒಳ್ಳೇದಾಯಿತು ಅಂತ ಎಷ್ಟೋ ಜನರಿಗೆ ಅನ್ನಿಸಿದ್ದರೆ ತಪ್ಪೇನಿಲ್ಲ, ಅಲ್ವಾ?

ಅಲ್ಲಿಂದ ಒಕ್ಕೂಟ ಒಂದು ರೀತಿಯಲ್ಲಿ 94ರ ತಂಡದ ಪುನರ್ಮಿಲನ ಆಯಿತು. ಅಧ್ಯಕ್ಷ ಗೋಲ್‌ಕೀಪರ್. ಉಪಾಧ್ಯಕ್ಷ ಲೆಚ್ಕೊವ್. ಕೋಚ್ ಆಗಿ ಆಗಲೇ ಸ್ಟೊಯ್ಚ್ಕೊವ್ ಇದ್ದರು, 2007ರವರೆಗೆ. ಆ ತಂಡವನ್ನು ಕಟ್ಟಿದ್ದ ದಿಮಿತರ್ ಪೆನೆವ್ ಕೂಡ ಮತ್ತೆ ಬಂದು ಹೋದರು. 2011ರಲ್ಲಿ ಪ್ಯಾರಿಸ್ ಅರ್ಹತಾ ಪಂದ್ಯದ ಲ್ಯುಬೊಸ್ಲಾವ್ ಪೆನೆವ್. 2016ರಲ್ಲಿ ಪೆತರ್ ಹುಬ್ಚೆವ್, 94ರ ಡಿಫೆಂಡರ್. 2019ರಲ್ಲಿ ಬಾಲಕೊವ್. ನಡುವೆ 2010–11ರಲ್ಲಿ ಒಬ್ಬ ಹೊರಗಿನವರು ಬಂದರು. ಯಾರು ಗೊತ್ತಾ? ಲೊಥಾರ್ ಮಥಾಯಸ್. ಹೊರಗಿನವರನ್ನು ಹುಡುಕಿದಾಗಲೂ 94ರ ಪಂದ್ಯದಲ್ಲಿ ಎದುರಿಗೆ ನಿಂತವರೇ ಸಿಕ್ಕಿದ್ದು ನನಗಂತೂ ನಗು ತರಿಸುತ್ತದೆ.

ಫಲಿತಾಂಶದಲ್ಲಿ ನಗುವಂಥದ್ದು ಏನೂ ಇಲ್ಲ. ಬಲ್ಗೇರಿಯಾ ಕೊನೇ ಸಲ ದೊಡ್ಡ ಟೂರ್ನಿ ಆಡಿದ್ದು 2004ರ ಯೂರೊ. ಅಂದರೆ ಮಿಹಾಯ್ಲೊವ್ ಬರುವುದಕ್ಕೆ ಮುಂಚೆ. ಅವರ ಕಾಲದಲ್ಲಿ ಒಂದು ಯೂರೊ ಇಲ್ಲ, ಒಂದು ವಿಶ್ವಕಪ್ ಇಲ್ಲ. ತಪ್ಪೆಲ್ಲ ಒಬ್ಬ ಅಧ್ಯಕ್ಷನದು ಅನ್ನುವುದು ಅನ್ಯಾಯ. ಹಳೇ ವ್ಯವಸ್ಥೆಯಲ್ಲಿ ಸರ್ಕಾರದ ದುಡ್ಡಿನಿಂದ ನಡೆಯುತ್ತಿದ್ದ ಕ್ಲಬ್‌ಗಳು ಆಮೇಲೆ ಖಾಸಗಿ ಮಾಲೀಕರ ಕೈಗೆ ಬಂದವು, ಎಷ್ಟೋ ಮುಳುಗಿದವು. ಸ್ಟೊಯ್ಚ್ಕೊವ್‌ರಂಥ ಆಟಗಾರ ಪ್ರತಿ ಹತ್ತು ವರ್ಷಕ್ಕೊಬ್ಬ ಹುಟ್ಟುವುದೂ ಇಲ್ಲ. ಆದರೆ ಕೋಚ್ ಬದಲಾಗುತ್ತಲೇ ಇದ್ದು, ಮೇಲಿನವರು ಮಾತ್ರ ಅಲ್ಲೇ ಕೂತಿದ್ದರೆ ಜನ ಕೈ ತೋರಿಸುವುದು ಯಾರ ಕಡೆಗೆ?

2019ರ ಅಕ್ಟೋಬರ್ 14. ಇಂಗ್ಲೆಂಡ್ ಸೋಫಿಯಾಕ್ಕೆ ಬಂತು. ಹಿಂದಿನ ಪಂದ್ಯಗಳಲ್ಲಿ ನಡೆದ ಜನಾಂಗೀಯ ನಿಂದನೆಗೆ ಶಿಕ್ಷೆಯಾಗಿ ಕ್ರೀಡಾಂಗಣದ ಒಂದು ಭಾಗ ಆಗಲೇ ಮುಚ್ಚಿತ್ತು. ನಿಂದನೆ ಶುರುವಾದರೆ ಮೈದಾನ ಬಿಟ್ಟು ಹೋಗುವ ಬಗ್ಗೆ ಮಾತಾಡಿಕೊಂಡಿದ್ದೇವೆ ಅಂತ ಇಂಗ್ಲೆಂಡಿನ ಟ್ಯಾಮಿ ಏಬ್ರಹಾಂ ಪಂದ್ಯಕ್ಕೆ ಮುಂಚೆ ಹೇಳಿದ್ದರು. ಅದಕ್ಕೆ ಬಲ್ಗೇರಿಯಾ ಒಕ್ಕೂಟ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್ಎಗೆ ಪತ್ರ ಬರೆದು ಆಕ್ಷೇಪಿಸಿತು. ಪತ್ರಕ್ಕೆ ಸಹಿ ಮಿಹಾಯ್ಲೊವ್ ಅವರದು.

ಮೊದಲ ಅರ್ಧದಲ್ಲೇ ಗ್ಯಾಲರಿಯಿಂದ ಕೋತಿಯ ಕೂಗು ಬಂತು. ನಾಜಿ ಸಲ್ಯೂಟ್ ಹೊಡೆದರು. ಪಂದ್ಯ ಎರಡು ಸಲ ನಿಂತಿತು. ಇಂಗ್ಲೆಂಡ್ ಆಡಿ ಮುಗಿಸಿತು, 6-0. ತನಗೇನೂ ಕೇಳಿಸಲಿಲ್ಲ ಎಂದು ಕೋಚ್ ಬಾಲಕೊವ್ ಆ ರಾತ್ರಿ ಹೇಳಿದರು, ಆಮೇಲೆ ಕ್ಷಮೆ ಕೇಳಿದರು. ಸ್ಟೊಯ್ಚ್ಕೊವ್ ಟಿವಿಯಲ್ಲಿ ಮಾತಾಡುತ್ತಾ ಅತ್ತರು.

ಪ್ರಧಾನಿ ಬೊಯ್ಕೊ ಬೊರಿಸೊವ್ ಮಾರನೇ ದಿನ ಬಹಿರಂಗವಾಗಿ ಹೇಳಿದರು: ಮಿಹಾಯ್ಲೊವ್ ಹೋಗಬೇಕು, ಅಲ್ಲಿಯವರೆಗೆ ಸರ್ಕಾರಕ್ಕೂ ಒಕ್ಕೂಟಕ್ಕೂ ಸಂಬಂಧ ಇಲ್ಲ. ಅದೇ ದಿನ ರಾಜೀನಾಮೆ ಬಂತು.

ಆಮೇಲೆ 1985–86 ಮತ್ತೆ ನಡೆಯಿತು. ಹೋದವರು ವಾಪಸ್ ಬಂದರು. 2021ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ. ಎದುರಿಗೆ ದಿಮಿತರ್ ಬೆರ್ಬಾತೊವ್. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಆಡಿದವರು, ದೇಶದ ಪರ 48 ಗೋಲು ಹೊಡೆದವರು. ಬೀದಿಯಲ್ಲಿ ಮತ ಹಾಕಿಸಿದ್ದರೆ ಯಾರು ಗೆಲ್ಲುತ್ತಿದ್ದರು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಕ್ಕೂಟದಲ್ಲಿ ಮತ ಹಾಕುವುದು ಅಭಿಮಾನಿಗಳಲ್ಲ, ಕ್ಲಬ್‌ಗಳ ಪ್ರತಿನಿಧಿಗಳು. ದೊಡ್ಡ ಕ್ಲಬ್‌ಗಿಂತ ಸಣ್ಣ ಊರುಗಳ, ಕೆಳ ದರ್ಜೆಯ ಕ್ಲಬ್‌ಗಳೇ ಅಲ್ಲಿ ಜಾಸ್ತಿ. ವರ್ಷಗಟ್ಟಲೆ ಆ ಕ್ಲಬ್‌ಗಳ ಜತೆ ವ್ಯವಹಾರ ಮಾಡಿದ ಅಧ್ಯಕ್ಷರಿಗೆ ಅವರ ಫೋನ್ ನಂಬರೂ ಗೊತ್ತು, ಕಷ್ಟವೂ ಗೊತ್ತು. ಹೊರಗಿನಿಂದ ಬಂದ ದೊಡ್ಡ ತಾರೆಗೆ ಅದು ಒಂದೆರಡು ತಿಂಗಳಲ್ಲಿ ಸಿಗುವಂಥದ್ದಲ್ಲ. ಸ್ವಲ್ಪವೇ ಮತಗಳ ಅಂತರದಲ್ಲಿ ಮಿಹಾಯ್ಲೊವ್ ಗೆದ್ದರು.

ಅಭಿಮಾನಿಗಳ ಸಿಟ್ಟು ಕುದಿಯತೊಡಗಿದ್ದು ಇಲ್ಲೇ ಅಂತ ನನ್ನ ಲೆಕ್ಕ. ಪಂದ್ಯ ಸೋತಿದ್ದಕ್ಕೆ ಜನ ಬೈಯ್ಯುತ್ತಾರೆ, ಮರೆಯುತ್ತಾರೆ. ಇಂಗ್ಲೆಂಡ್ ಪಂದ್ಯದ ಅವಮಾನಕ್ಕೆ ಒಬ್ಬರಾದರೂ ಹೊಣೆ ಹೊತ್ತರು ಅಂತ ಅವರು ಅಂದುಕೊಂಡಿದ್ದರು. ಆ ಹೊಣೆ ಎರಡು ವರ್ಷದಲ್ಲಿ ವಾಪಸ್ ಆಯಿತು. 1986ರಲ್ಲಿ ನಿಷೇಧ ರದ್ದಾದಾಗ ಅದೇ ಜನ ಖುಷಿಪಟ್ಟಿದ್ದರು, ಯಾಕೆಂದರೆ ಶಿಕ್ಷೆ ಕೊಟ್ಟದ್ದು ಪಕ್ಷ, ಬಿಡಿಸಿಕೊಂಡದ್ದು ಆಟಗಾರ. ಈ ಸಲ ಶಿಕ್ಷೆ ಕೇಳಿದ್ದು ಜನ.

ಹಾಗಾಗಿ 2023ರ ನವೆಂಬರ್‌ನಲ್ಲಿ ಕೂಗು ಅಷ್ಟು ಜೋರಾಗಿತ್ತು. ಅಭಿಮಾನಿಗಳ ಪ್ರತಿಭಟನೆಗೆ ಹೆದರಿ ಪಂದ್ಯವನ್ನು ಖಾಲಿ ಕ್ರೀಡಾಂಗಣದಲ್ಲಿ ಆಡಿಸಿದ್ದು ಬೆಂಕಿಗೆ ತುಪ್ಪ ಸುರಿದಂತಾಯಿತು. ಪರಸ್ಪರ ಮುಖ ನೋಡದ ಲೆವ್ಸ್ಕಿ ಮತ್ತು ಸಿಎಸ್‌ಕೆಎ ಅಭಿಮಾನಿಗಳು ಅಂದು ಒಂದೇ ಘೋಷಣೆ ಕೂಗಿದರು. 1985ರಲ್ಲಿ ಯಾವ ಎರಡು ಕ್ಲಬ್‌ಗಳ ಜಗಳದಿಂದ ಈ ಮನುಷ್ಯನ ಹೆಸರು ದೇಶಕ್ಕೆಲ್ಲ ಗೊತ್ತಾಯಿತೋ ಅದೇ ಎರಡು ಕ್ಲಬ್.

ಕೆಲವೇ ದಿನಗಳಲ್ಲಿ ಮಿಹಾಯ್ಲೊವ್ ಮತ್ತೆ ರಾಜೀನಾಮೆ ಘೋಷಿಸಿದರು. ಈ ಸಲ ವಾಪಸ್ ಬರಲಿಲ್ಲ. 2024ರ ಮಾರ್ಚ್‌ನಲ್ಲಿ ಲೆವ್ಸ್ಕಿಯ ಹಳೇ ಸ್ಟ್ರೈಕರ್ ಗೆಯೊರ್ಗಿ ಇವಾನೊವ್ ಅಧ್ಯಕ್ಷರಾಗಿ ಆಯ್ಕೆಯಾದರು. ಅವರು 94ರ ತಂಡದಲ್ಲಿ ಇರಲಿಲ್ಲ. ಜೈಂಟ್ಸ್ ಸ್ಟೇಡಿಯಂನಲ್ಲಿ ಮಿಹಾಯ್ಲೊವ್ ಮೆಕ್ಸಿಕೊದ ಪೆನಾಲ್ಟಿ ತಡೆದ ದಿನಕ್ಕೆ ಅವರಿಗೆ ಹದಿನೆಂಟು ತುಂಬಿ ಮೂರು ದಿನವಾಗಿತ್ತು.